‘ಇಂಟರೆಸ್ಟ್’ ಶಬ್ದದ ಅರ್ಥಬಾಹುಳ್ಯವೂ ಕನ್ನಡದ ಪರ್ಯಾಯಗಳೂ

೧

ಒಂದು ಭಾಷೆಯ ಶಬ್ದಕ್ಕೆ ಮತ್ತೊಂದು ಭಾಷೆಯಲ್ಲಿ ಸಮಾನಪದವನ್ನು ಹುಡುಕುವ ಕೆಲಸವು ಮೇಲುನೋಟಕ್ಕೆ ಸುಲಭವೆಂದು ತೋರುತ್ತದೆ. ಮರ, ನೀರು, ಹಾಲು, ಅನ್ನ ಮೊದಲಾದ ಕಣ್ಣಿಗೆ ಕಾಣುವ ವಸ್ತುಗಳ ಹೆಸರುಗಳ ಮಟ್ಟಿಗೆ ಈ ಎಣಿಕೆ ಸುಳ್ಳೂ ಅಲ್ಲ. ತೊಡಕು ಮೊದಲಾಗುವುದು, ಒಂದೇ ಶಬ್ದವು ಅಂಗಡಿಯಲ್ಲಿ ಒಂದು ಅರ್ಥವನ್ನೂ ನ್ಯಾಯಾಲಯದಲ್ಲಿ ಇನ್ನೊಂದನ್ನೂ ಪಾಠಶಾಲೆಯಲ್ಲಿ ಮತ್ತೊಂದನ್ನೂ ತಾಳಿ ನಿಂತಾಗ. ಇಂಗ್ಲಿಷಿನ ‘ಇಂಟರೆಸ್ಟ್’ ಅಂಥ ಶಬ್ದಗಳಲ್ಲಿ ಒಂದು. ದಿನಬಳಕೆಯ ಮಾತಾದುದರಿಂದಲೇ ಅದರ ಒಳಗಿನ ಬಿರುಕುಗಳು ಯಾರ ಗಮನಕ್ಕೂ ಬರುವುದಿಲ್ಲ.

ಹೊರನಾಡಿನಲ್ಲಿ ನೆಲಸಿದ ಕನ್ನಡಿಗರ ಮನೆಮಾತಿನಲ್ಲಿ ಈ ಶಬ್ದವು ಇದ್ದ ಹಾಗೆಯೇ ಬಂದು ಕುಳಿತಿದೆ. ‘ಇಂಟರೆಸ್ಟ್ ಎಷ್ಟು ಕಟ್ಟುತ್ತೀರಿ?’ ಎಂಬ ಪ್ರಶ್ನೆಯೂ, ‘ಹುಡುಗನಿಗೆ ಓದಿನಲ್ಲಿ ಇಂಟರೆಸ್ಟೇ ಇಲ್ಲ’ ಎಂಬ ದೂರೂ ಒಂದೇ ನಾಲಗೆಯಿಂದ ಹೊರಡುತ್ತವೆ. ‘ಆ ಸಂಸ್ಥೆಯಲ್ಲಿ ಅವರಿಗೆ ಇಂಟರೆಸ್ಟ್ ಇದೆ’ ಎಂದರೆ ಅವರು ಅಲ್ಲಿ ಹಣ ತೊಡಗಿಸಿದ್ದಾರೆಯೊ, ಅದರ ಏಳಿಗೆಯಿಂದ ಅವರಿಗೆ ಏನಾದರೂ ಪ್ರಯೋಜನ ಉಂಟೊ, ಅಥವಾ ಅದನ್ನು ಕುರಿತು ತಿಳಿಯುವ ಕುತೂಹಲ ಮಾತ್ರ ಇದೆಯೊ ಎಂಬುದು ಆ ವಾಕ್ಯದಿಂದ ಸ್ಪಷ್ಟವಾಗದು. ಇದನ್ನು ಕನ್ನಡಿಸಹೊರಟವನು ಮೊದಲು ಅರ್ಥವನ್ನು ನಿರ್ಧರಿಸಿಕೊಳ್ಳಬೇಕು. ಆ ನಿರ್ಧಾರವನ್ನು ಮಾಡದೆ ‘ಆಸಕ್ತಿ’ ಎಂಬ ಒಂದೇ ಮಾತಿನಿಂದ ಎಲ್ಲ ಕಡೆಯೂ ಕೆಲಸ ಸಾಗಿಸುವ ಪ್ರವೃತ್ತಿ ಈಚಿನ ಕನ್ನಡ ಬರವಣಿಗೆಯಲ್ಲಿ ಬೆಳೆದಿದೆ. ಈ ಪ್ರವೃತ್ತಿ ಎಷ್ಟರಮಟ್ಟಿಗೆ ಯುಕ್ತವೆಂಬುದು ವಿಚಾರಾರ್ಹವಾದ ಸಂಗತಿ.

೨

ಇಂಥ ವಿಚಾರಕ್ಕೆ ಚೆನ್ನೈ ನಗರದ ಸೌಕಾರ್‌ಪೇಟೆಗಿಂತ ತಕ್ಕ ಸ್ಥಳ ದೊರೆಯುವುದು ಕಷ್ಟ. ಹಳೆಯ ಕೋಟೆಗೆ ಉತ್ತರದಲ್ಲಿ, ಜಾರ್ಜ್‌ಟೌನಿನ ಇಕ್ಕಟ್ಟಾದ ಬೀದಿಗಳ ನಡುವೆ, ಗುಜರಾತಿ, ಮಾರವಾಡಿ, ತೆಲುಗು, ತಮಿಳು ಮಾತನಾಡುವ ವರ್ತಕರು ತಲೆಮಾರುಗಳಿಂದ ಒಟ್ಟಾಗಿ ವ್ಯಾಪಾರ ನಡೆಸಿಕೊಂಡು ಬಂದಿರುವ ಪೇಟೆ ಇದು. ಇದರ ಹೆಸರೇ ಒಂದು ಶಬ್ದಪಾಠ. ‘ಸಾಧು’ ಎಂಬ ಸಂಸ್ಕೃತ ಶಬ್ದವು ಪ್ರಾಕೃತದಲ್ಲಿ ‘ಸಾಹು’ ಆಗಿ, ಅದರಿಂದ ‘ಸಾಹುಕಾರ’ ಹುಟ್ಟಿ, ಕನ್ನಡದಲ್ಲಿ ‘ಸಾವುಕಾರ’, ‘ಸೌಕಾರ’ ಎಂಬ ರೂಪಗಳನ್ನು ಪಡೆಯಿತು. ನಂಬಿಕೆಗೆ ಯೋಗ್ಯನಾದವನು ಎಂಬ ಅರ್ಥದಿಂದ ಹೊರಟ ಮಾತು ಸಾಲ ಕೊಡುವ ಧನಿಕ ಎಂಬ ಅರ್ಥದಲ್ಲಿ ಬಂದು ನಿಂತಿತು. ಇಲ್ಲಿಯ ಗಿರವಿ ಅಂಗಡಿಯವನನ್ನು ತಮಿಳರು ‘ಸೇಟು’ ಎಂದು ಕರೆಯುತ್ತಾರೆ. ಆ ಸೇಟು, ತಮಿಳಿನ ಚೆಟ್ಟಿ, ಕನ್ನಡದ ಸೆಟ್ಟಿ ಮೂವರೂ ‘ಶ್ರೇಷ್ಠಿ’ ಎಂಬ ಒಬ್ಬನೇ ಮೂಲಪುರುಷನ ಸಂತಾನ. ಪೇಟೆಯಲ್ಲಿ ಹಾದುಹೋಗುವ ಮಿಂಟ್ ಬೀದಿಗೆ ತಮಿಳಿನಲ್ಲಿ ‘ತಂಗಸಾಲೈ’ ಎಂದು ಹೆಸರು. ಅದು ಕನ್ನಡದ ‘ಟಂಕಸಾಲೆ’ಯ ಸೋದರಿ, ಆದರೆ ತಮಿಳು ಕಿವಿಗೆ ಅದರಲ್ಲಿ ಚಿನ್ನದ ‘ತಂಗಂ’ ಕೇಳಿಸುತ್ತದೆ.

ಸಾಲದ ಮೇಲಿನ ಹೆಚ್ಚುವರಿ ಹಣಕ್ಕೆ ಈ ಪೇಟೆಯಲ್ಲಿ ಹಲವು ಹೆಸರುಗಳಿವೆ. ತಮಿಳರಿಗೆ ಅದು ‘ವಟ್ಟಿ’, ತೆಲುಗರಿಗೆ ‘ವಡ್ಡಿ’, ಕನ್ನಡಿಗರಿಗೆ ‘ಬಡ್ಡಿ’. ಮೂರೂ ಸಂಸ್ಕೃತದ ‘ವೃದ್ಧಿ’ಯಿಂದ ಬಂದವು. ವಕಾರವು ಬಕಾರವಾಗುವುದು ಕನ್ನಡದ ತದ್ಭವಗಳಲ್ಲಿ ಸಾಮಾನ್ಯ. ವಸತಿ ‘ಬಸದಿ’ಯಾದಂತೆ, ವಂಧ್ಯೆ ‘ಬಂಜೆ’ಯಾದಂತೆ, ವೃದ್ಧಿಯು ‘ಬಡ್ಡಿ’ಯಾಯಿತು. ಹಣ ಬೆಳೆಯುತ್ತದೆಂಬ ಕಲ್ಪನೆ ಈ ಶಬ್ದದ ತಿರುಳು. ಪಾಣಿನಿಯ ಸೂತ್ರದಲ್ಲಿಯೂ ಮನುಸ್ಮೃತಿಯಲ್ಲಿಯೂ ‘ವೃದ್ಧಿ’ ಎಂಬುದು ಈ ಅರ್ಥದಲ್ಲಿಯೇ ಬಳಕೆಯಾಗಿದೆ. ತಿಂಗಳಿಗೆ ಎಂಬತ್ತರಲ್ಲಿ ಒಂದು ಭಾಗ, ಎಂದರೆ ನೂರಕ್ಕೆ ಒಂದೂಕಾಲು, ಎಂಬ ದರವನ್ನು ಮನುಸ್ಮೃತಿಯ ಎಂಟನೆಯ ಅಧ್ಯಾಯ ಹೇಳುತ್ತದೆ; ಬಡ್ಡಿಗೆ ಬಡ್ಡಿ ಬೆಳೆಯುವ ‘ಚಕ್ರವೃದ್ಧಿ’ಯನ್ನೂ ಹೆಸರಿಸುತ್ತದೆ. ಕನ್ನಡದ ‘ಚಕ್ರಬಡ್ಡಿ’ ಅದರ ಅರ್ಧ ತತ್ಸಮ, ಅರ್ಧ ತದ್ಭವ ರೂಪ. ಗ್ರೀಕರ ‘ಟೋಕೊಸ್’ ಎಂಬ ಮಾತಿಗೂ ಸಂತಾನವೆಂದೇ ಮೂಲಾರ್ಥ. ಹಣವು ಹಣವನ್ನು ಹೆರುವುದು ಪ್ರಕೃತಿವಿರುದ್ಧವೆಂದು ಅರಿಸ್ಟಾಟಲನು ಆಕ್ಷೇಪಿಸಿದುದು ಆ ಶಬ್ದದ ಬಲದಿಂದಲೇ.

ಗುಜರಾತಿ, ಮಾರವಾಡಿ ವರ್ತಕರ ಮಾತು ಬೇರೆ. ಅವರದು ‘ವ್ಯಾಜ’ ಅಥವಾ ‘ಬ್ಯಾಜ್’. ಸಂಸ್ಕೃತದಲ್ಲಿ ವ್ಯಾಜವೆಂದರೆ ನೆಪ, ಕಪಟ. ಕನ್ನಡವು ಆ ಹಳೆಯ ಅರ್ಥವನ್ನೇ ಉಳಿಸಿಕೊಂಡು ಅಲಂಕಾರಶಾಸ್ತ್ರದಲ್ಲಿ ‘ವ್ಯಾಜಸ್ತುತಿ’ಯನ್ನೂ ಮಾತಿನಲ್ಲಿ ‘ನಿರ್ವ್ಯಾಜ ಪ್ರೇಮ’ವನ್ನೂ ಇರಿಸಿಕೊಂಡಿದೆ. ಕನ್ನಡಿಗನ ನಿರ್ವ್ಯಾಜ ಪ್ರೇಮವು ಸೌಕಾರ್‌ಪೇಟೆಯ ಗುಜರಾತಿ ಕಿವಿಗೆ ಬಡ್ಡಿಯಿಲ್ಲದ ಪ್ರೇಮವೆಂದು ಕೇಳಿಸಿದರೆ ಅರ್ಥ ಕೆಟ್ಟಿತೆಂದು ಹೇಳುವಂತಿಲ್ಲ! ಬೆಳವಣಿಗೆಯೆಂಬ ಚಿತ್ರ ಒಂದು ಕಡೆ, ನೆಪವೆಂಬ ಚಿತ್ರ ಇನ್ನೊಂದು ಕಡೆ. ಆದರೆ ಈ ಯಾವ ಮಾತೂ ಹಣದ ಲೆಕ್ಕವನ್ನು ದಾಟಿ ಮನಸ್ಸಿನ ಕುತೂಹಲವನ್ನು ಸೂಚಿಸುವುದಿಲ್ಲ. ಆ ದಾಟುವಿಕೆ ನಡೆದಿರುವುದು ಇಂಗ್ಲಿಷಿನಲ್ಲಿ.

೩

ಇಂಗ್ಲಿಷ್ ಶಬ್ದದ ಮೂಲ ಲ್ಯಾಟಿನ್ನಿನ ‘ಇಂಟೆರೆಸ್ಸೆ’. ನಡುವೆ ಇರುವುದು, ಆದಕಾರಣ ಸಂಬಂಧಪಡುವುದು, ವ್ಯತ್ಯಾಸವನ್ನುಂಟುಮಾಡುವುದು ಎಂಬುದು ಅದರ ಅರ್ಥ. ಮಧ್ಯಯುಗದ ಯುರೋಪಿನಲ್ಲಿ ಸಾಲದ ಮೇಲೆ ಲಾಭ ಪಡೆಯುವುದು ಕ್ರೈಸ್ತ ಧರ್ಮಶಾಸ್ತ್ರಕ್ಕೆ ವಿರುದ್ಧವಾಗಿತ್ತು. ಆದರೆ ಸಾಲಗಾರನು ಅವಧಿ ಮೀರಿದ್ದರಿಂದ ಧನಿಗೆ ಆದ ನಷ್ಟವನ್ನು ತುಂಬಿಕೊಡಬೇಕೆಂಬುದು ಸಮ್ಮತವಾಗಿತ್ತು. ಇದ್ದ ಸ್ಥಿತಿಗೂ ಇರಬೇಕಾಗಿದ್ದ ಸ್ಥಿತಿಗೂ ‘ನಡುವಣ’ ಅಂತರವೇ ಆ ಪರಿಹಾರ. ಅದರ ಹೆಸರೇ ‘ಇಂಟೆರೆಸ್ಸೆ’. ನಿಷಿದ್ಧವಾದ ಲಾಭಕ್ಕೆ ಒಂದು ಹೆಸರು, ಸಮ್ಮತವಾದ ಪರಿಹಾರಕ್ಕೆ ಇನ್ನೊಂದು ಹೆಸರು ಹೀಗೆ ಏರ್ಪಟ್ಟ ಮೇಲೆ, ಎರಡನೆಯ ಹೆಸರಿನ ಮರೆಯಲ್ಲಿ ಮೊದಲನೆಯದೂ ನಡೆಯತೊಡಗಿತು. ಇಂಗ್ಲೆಂಡಿನಲ್ಲಿ ೧೫೪೫ರ ಶಾಸನವೊಂದು ನೂರಕ್ಕೆ ಹತ್ತರವರೆಗೆ ಬಡ್ಡಿ ಪಡೆಯಲು ಅವಕಾಶ ಕೊಟ್ಟಿತು. ಈ ದೃಷ್ಟಿಯಿಂದ ನೋಡಿದರೆ ಗುಜರಾತಿಯ ‘ವ್ಯಾಜ’ಕ್ಕೂ ಇಂಗ್ಲಿಷಿನ ‘ಇಂಟರೆಸ್ಟ್’ಗೂ ಗುಣಸಾಮ್ಯವಿದೆ: ಒಂದರ ಹೆಸರಿನಲ್ಲಿ ನೆಪವಿದೆ, ಇನ್ನೊಂದರ ಚರಿತ್ರೆಯಲ್ಲಿ ನೆಪವಿದೆ.

ಆಸ್ತಿಯಲ್ಲಿ ಇರುವ ಹಕ್ಕು, ಪಾಲು ಎಂಬ ಅರ್ಥವೂ ಈ ಶಬ್ದಕ್ಕೆ ಮೊದಲಿನಿಂದ ಉಂಟು. ಪಾಲಿದ್ದವನಿಗೆ ಅದರ ಏಳುಬೀಳುಗಳಿಂದ ಲಾಭನಷ್ಟಗಳುಂಟಾದುದರಿಂದ ‘ಹಿತ’ ಎಂಬ ಅರ್ಥ ಅದರಿಂದ ಒಡೆಯಿತು. ಹಿತವಿದ್ದವನು ಅದರ ಮೇಲೆ ಕಣ್ಣಿಡುತ್ತಾನಾಗಿ, ಕಡೆಯಲ್ಲಿ ‘ಗಮನ’, ‘ಕುತೂಹಲ’ ಎಂಬ ಮನೋಧರ್ಮದ ಅರ್ಥ ಮೂಡಿತು. ಈ ಕೊನೆಯ ಅರ್ಥ ಬಲಗೊಂಡುದು ೧೮ನೆಯ ಶತಮಾನದ ಉತ್ತರಾರ್ಧದಿಂದ ಈಚೆಗೆ. ರೇಮಂಡ್ ವಿಲಿಯಮ್ಸನು ೧೯೭೬ರಲ್ಲಿ ಪ್ರಕಟಿಸಿದ ‘ಕೀವರ್ಡ್ಸ್’ ಎಂಬ ಗ್ರಂಥದಲ್ಲಿ ಈ ಶಬ್ದವನ್ನು ಪ್ರತ್ಯೇಕವಾಗಿ ಎತ್ತಿಕೊಂಡು, ಮನಸ್ಸಿನ ಸೆಳೆತವನ್ನು ಹೇಳುವ ಮಾತು ಆಸ್ತಿ ಹಣಕಾಸುಗಳ ಪರಿಭಾಷೆಯಿಂದ ಬೆಳೆದು ಬಂದಿರುವುದರ ಸಾಮಾಜಿಕ ಮಹತ್ತ್ವವನ್ನು ಎತ್ತಿ ತೋರಿಸಿದ್ದಾನೆ. ಒಂದು ಪುಸ್ತಕ ‘ಇಂಟರೆಸ್ಟಿಂಗ್’ ಎನ್ನುವ ಓದುಗನು ತಿಳಿಯದೆಯೇ ಲೇವಾದೇವಿಯ ಪರಿಭಾಷೆಯನ್ನು ಆಡುತ್ತಿರುತ್ತಾನೆ.

೪

ಈ ಅರ್ಥಗಳು ಒಂದೇ ಕಾಗದದ ಮೇಲೆ ಹೇಗೆ ಒಟ್ಟಾಗಿ ಬರುತ್ತವೆಂಬುದಕ್ಕೆ ೧೮೮೨ರ ಆಸ್ತಿ ವರ್ಗಾವಣೆ ಅಧಿನಿಯಮವೇ ಸಾಕ್ಷಿ. ಅದರ ೫೮ನೆಯ ಪ್ರಕರಣದ ಪ್ರಕಾರ ಅಡಮಾನವೆಂದರೆ, ಸಾಲದ ಭದ್ರತೆಗಾಗಿ ಒಂದು ಸ್ಥಿರಾಸ್ತಿಯಲ್ಲಿರುವ ‘ಇಂಟರೆಸ್ಟ್’ ಅನ್ನು ವರ್ಗಾಯಿಸುವುದು. ಇಲ್ಲಿ ಆ ಶಬ್ದಕ್ಕೆ ಹಕ್ಕಿನ ಅಂಶ ಎಂದರ್ಥ. ಅದೇ ಪ್ರಕರಣದ ಭೋಗ್ಯದ ಅಡಮಾನದ ಭಾಗದಲ್ಲಿ, ಧನಿಯು ಆಸ್ತಿಯ ಬಾಡಿಗೆ ಉತ್ಪತ್ತಿಗಳನ್ನು ‘ಇಂಟರೆಸ್ಟ್’ಗೆ ಬದಲಾಗಿ ಅನುಭವಿಸಬಹುದೆಂದಿದೆ. ಇಲ್ಲಿ ಬಡ್ಡಿ ಎಂದರ್ಥ. ಒಂದು ಇಂಟರೆಸ್ಟನ್ನು ಕೊಟ್ಟು ಇನ್ನೊಂದು ಇಂಟರೆಸ್ಟಿನಿಂದ ಬಿಡುಗಡೆ ಪಡೆಯುವ ಈ ವಿಚಿತ್ರವನ್ನು ಇಂಗ್ಲಿಷ್ ವಕೀಲನು ಸಂದರ್ಭಬಲದಿಂದ ಬಿಡಿಸಿಕೊಳ್ಳುತ್ತಾನೆ. ಕನ್ನಡದಲ್ಲಿ ಬಿಡಿಸಿಕೊಳ್ಳುವ ಅಗತ್ಯವೇ ಇಲ್ಲ: ‘ಹಕ್ಕನ್ನು ಒತ್ತೆಯಿಟ್ಟು ಬಡ್ಡಿಗೆ ಬದಲಾಗಿ ಭೋಗ್ಯಕ್ಕೆ ಕೊಡುವುದು’ ಎಂದರೆ ಹಳ್ಳಿಯ ಒಕ್ಕಲಿಗನಿಗೂ ತಿಳಿಯುತ್ತದೆ.

ಮದರಾಸಿಗೆ ಈ ಪ್ರಕರಣದಲ್ಲಿ ವಿಶೇಷವಾದ ಸ್ಥಾನವಿದೆ. ಹಕ್ಕುಪತ್ರಗಳನ್ನು ಧನಿಯ ಕೈಗೆ ಒಪ್ಪಿಸಿದ ಮಾತ್ರಕ್ಕೆ ಅಡಮಾನ ಸಿದ್ಧಿಸುವ ಪದ್ಧತಿಗೆ ಕಾನೂನು ತಾನೇ ಹೆಸರಿಸಿರುವ ಪಟ್ಟಣಗಳು ಕಲ್ಕತ್ತೆ, ಮದರಾಸು, ಬೊಂಬಾಯಿ. ಉಳಿದವು ಸರ್ಕಾರದ ಅಧಿಸೂಚನೆಯಿಂದ ಸೇರತಕ್ಕವು. ಬರೆವಣಿಗೆಯಿಲ್ಲದೆ ಹಕ್ಕು ಕೈ ಬದಲಾಯಿಸುವ ಇಂಥ ವ್ಯವಹಾರದಲ್ಲಿ, ಆಡಿದ ಮಾತಿಗೆ ಬರೆದ ಮಾತಿಗಿಂತ ಹೆಚ್ಚಿನ ಹೊಣೆ ಬೀಳುತ್ತದೆ. ಶಬ್ದಾರ್ಥದ ವಿಚಾರ ಪಂಡಿತರ ಕಾಲಕ್ಷೇಪವಷ್ಟೆ ಎನ್ನುವವರು ಈ ಅಂಶವನ್ನು ಮನಸ್ಸಿನಲ್ಲಿಡಬೇಕು.

೫

ಕನ್ನಡದ ಪರ್ಯಾಯಗಳನ್ನು ಪರೀಕ್ಷಿಸಲು ವಿರುದ್ಧಪದಗಳನ್ನು ನೋಡುವುದು ಒಳ್ಳೆಯ ಉಪಾಯ. ಒಂದು ಶಬ್ದಕ್ಕೆ ಎಷ್ಟು ಬೇರೆಬೇರೆ ಎದುರುಮಾತುಗಳು ಒದಗುವುವೋ ಅಷ್ಟು ಅರ್ಥಗಳು ಅದರಲ್ಲಿ ಅಡಗಿವೆಯೆಂದು ತಿಳಿಯಬಹುದು. ‘ಇಂಟರೆಸ್ಟ್’ಗೆ ಅಸಲು ಎದುರಾದಾಗ ಅದು ಬಡ್ಡಿ. ಹಾನಿ ಎದುರಾದಾಗ ಅದು ಹಿತ ಅಥವಾ ಪ್ರಯೋಜನ. ಸಂಬಂಧವಿಲ್ಲದಿರುವಿಕೆ ಎದುರಾದಾಗ ಅದು ಪಾಲು, ಹಕ್ಕು, ಬಾಧ್ಯತೆ. ಬೇಸರ, ಔದಾಸೀನ್ಯ ಎದುರಾದಾಗ ಅದು ಕುತೂಹಲ, ಅಭಿರುಚಿ, ಆಸ್ಥೆ. ನಿಷ್ಪಕ್ಷಪಾತ ಎದುರಾದಾಗ ಅದು ಸ್ವಾರ್ಥ ಅಥವಾ ಹಂಗು. ಹೀಗೆ ಐದು ಗುಂಪುಗಳು ನಿಚ್ಚಳವಾಗಿ ಏರ್ಪಡುತ್ತವೆ. ಕನ್ನಡವು ಈ ಐದಕ್ಕೂ ಬೇರೆಬೇರೆ ಮಾತುಗಳನ್ನು ಹೊಂದಿರುವುದು ಅದರ ಬಡತನವಲ್ಲ, ಸಂಪತ್ತು.

ಒಂದೊಂದು ಗುಂಪಿನ ಒಳಗೂ ಪರ್ಯಾಯಗಳಿಗೆ ಛಾಯಾಭೇದವುಂಟು. ಕುತೂಹಲವು ತಿಳಿದೊಡನೆ ತಣಿಯುವಂಥದು. ಅಭಿರುಚಿ ತಿಳಿದಷ್ಟೂ ಬೆಳೆಯುವಂಥದು. ಆಸ್ಥೆಯಲ್ಲಿ ಹೊಣೆಯ ಭಾವವಿದೆ; ಹಿಂದಿಯಲ್ಲಿ ಅದೇ ಮಾತು ನಂಬಿಕೆಯೆಂಬ ಅರ್ಥಕ್ಕೆ ತಿರುಗಿದೆ. ಶ್ರದ್ಧೆಯಲ್ಲಿ ಶ್ರಮವೂ ಸೇರಿದೆ. ಒಲವು ಮನಸ್ಸು ಒಂದು ಕಡೆಗೆ ವಾಲುವುದನ್ನು ತೋರಿಸುತ್ತದೆ. ಗೀಳು ಅತಿಯಾದುದು. ಅಕ್ಕರೆಯನ್ನು ಕನ್ನಡವು ಪ್ರೀತಿಗೆ ಮೀಸಲಿಟ್ಟಿದೆ; ತಮಿಳಿನ ‘ಅಕ್ಕರೈ’ ಆಸ್ಥೆ ಕಾಳಜಿಗಳವರೆಗೂ ಹರಡಿಕೊಂಡಿದೆ. ಕಥೆಯೊಂದು ಓದುಗನನ್ನು ಹಿಡಿದಿಡುವ ಗುಣಕ್ಕೆ ಕನ್ನಡದಲ್ಲಿ ‘ಸ್ವಾರಸ್ಯ’ವೆಂಬ ಸೊಗಸಾದ ಮಾತಿದೆ. ‘ಕಾದಂಬರಿ ಆಸಕ್ತಿದಾಯಕವಾಗಿದೆ’ ಎಂದು ಬರೆಯುವ ವಿಮರ್ಶಕನು, ಸ್ವರಸ, ಸ್ವಾರಸ್ಯ, ರೋಚಕ ಎಂಬ ಮಾತುಗಳಿರುವಾಗ, ಅನಗತ್ಯವಾಗಿ ಅನುವಾದದ ಭಾಷೆಯನ್ನು ಆಡುತ್ತಿದ್ದಾನೆ.

ನಿಘಂಟುಗಳಿಂದ ಈ ಭೇದಗಳಿಗೆ ದೊರೆತಿರುವ ನೆರವು ಸಾಲದು. ಇಂಗ್ಲಿಷ್–ಕನ್ನಡ ಕೋಶಗಳ ಪರಂಪರೆ ಮೊದಲಾದುದೇ ಮದರಾಸಿನ ಮುದ್ರಣದಿಂದ: ಬಳ್ಳಾರಿಯ ಪಾದ್ರಿ ವಿಲಿಯಂ ರೀವನ ಇಂಗ್ಲಿಷ್–ಕರ್ಣಾಟಕ ನಿಘಂಟು ಇಲ್ಲಿ ಅಚ್ಚಾದುದು ೧೮೨೪ರಲ್ಲಿ, ಕರ್ಣಾಟಕ–ಇಂಗ್ಲಿಷ್ ನಿಘಂಟು ೧೮೩೨ರಲ್ಲಿ. ಮಂಗಳೂರಿನಲ್ಲಿ ೧೮೯೪ರಲ್ಲಿ ಪ್ರಕಟವಾದ ಕಿಟ್ಟೆಲರ ಮಹಾಕೋಶವನ್ನು ಮದರಾಸು ವಿಶ್ವವಿದ್ಯಾನಿಲಯಕ್ಕಾಗಿ ಪರಿಷ್ಕರಿಸಿ, ವಿಸ್ತರಿಸಿದವರು ಎಂ. ಮರಿಯಪ್ಪ ಭಟ್ಟರು, ಅದು ೧೯೬೮ರಿಂದ ೧೯೭೧ರವರೆಗೆ ನಾಲ್ಕು ಸಂಪುಟಗಳಲ್ಲಿ ಹೊರಬಂದಿತು. ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್–ಕನ್ನಡ ನಿಘಂಟು ೧೯೪೬ರದು. ಇವೆಲ್ಲ ಕನ್ನಡಕ್ಕೆ ಮಹೋಪಕಾರ ಮಾಡಿದ ಕೃತಿಗಳೆಂಬುದು ನಿರ್ವಿವಾದ. ಆಕ್ಷೇಪಣೆ ಇರುವುದು ಇವುಗಳ ಬೆನ್ನಿಗೆ ಹುಟ್ಟಿಕೊಂಡ ಕೈಪಿಡಿಕೋಶಗಳ ರೀತಿಯನ್ನು ಕುರಿತು. ಬಡ್ಡಿ, ಹಿತ, ಆಸಕ್ತಿ, ಪಾಲು ಎಂದು ಅಲ್ಪವಿರಾಮಗಳಿಂದ ಪೋಣಿಸಿಟ್ಟರೆ, ಅವು ಒಂದಕ್ಕೊಂದು ಬದಲಾಗಿ ನಿಲ್ಲತಕ್ಕವೆಂಬ ಭ್ರಮೆ ಹುಟ್ಟುತ್ತದೆ. ನಿಜವಾಗಿ ಇವು ಪರ್ಯಾಯಗಳಲ್ಲ. ಒಂದೇ ಬಾಗಿಲಿನಿಂದ ಹೊರಬಿದ್ದು ಬೇರೆಬೇರೆ ಊರುಗಳಿಗೆ ಹೊರಟ ದಾರಿಗಳು.

೬

ಈಗ ‘ಆಸಕ್ತಿ’ಯ ವಿಚಾರ. ಸಂಸ್ಕೃತದಲ್ಲಿ ಈ ಶಬ್ದಕ್ಕೆ ಅಂಟಿಕೊಳ್ಳುವಿಕೆ ಎಂದರ್ಥ. ವೇದಾಂತದ ದೃಷ್ಟಿಯಲ್ಲಿ ಅದು ಬಿಡಬೇಕಾದ ದೋಷ. ಗೀತೆಯ ಹದಿಮೂರನೆಯ ಅಧ್ಯಾಯದಲ್ಲಿ ಜ್ಞಾನದ ಲಕ್ಷಣಗಳನ್ನು ಎಣಿಸುವಾಗ ‘ಅಸಕ್ತಿ’ಯೂ ಅವುಗಳಲ್ಲೊಂದಾಗಿ ಬರುತ್ತದೆ. ಆಸಕ್ತಿಗೂ ಅಸಕ್ತಿಗೂ ಇರುವ ಅಂತರ ಒಂದು ಮಾತ್ರೆಯದು. ದೀರ್ಘವಿದ್ದರೆ ಬಂಧನ, ಹ್ರಸ್ವವಾದರೆ ಬಿಡುಗಡೆ. ಗಾಂಧೀಜಿಯವರು ಗೀತೆಯ ತಮ್ಮ ಗುಜರಾತಿ ಅನುವಾದಕ್ಕೆ ‘ಅನಾಸಕ್ತಿಯೋಗ’ವೆಂದು ಹೆಸರಿಟ್ಟರು, ಅದು ೧೯೩೦ರಲ್ಲಿ ಪ್ರಕಟವಾಯಿತು. ಅವರ ಮನಸ್ಸಿನಲ್ಲಿದ್ದುದು ಕೆಲಸದಲ್ಲಿ ಉದಾಸೀನವಲ್ಲ, ಫಲದಲ್ಲಿ ಅಂಟಿಲ್ಲದಿರುವುದು.

ಇಂದಿನ ಕನ್ನಡದಲ್ಲಿ ಆಸಕ್ತಿಯು ಸದ್ಗುಣ. ವಿದ್ಯಾರ್ಥಿಗೆ ಅದಿರಬೇಕು, ಉದ್ಯೋಗಾರ್ಥಿಗೆ ಅದಿರಬೇಕು, ‘ಆಸಕ್ತರು ಅರ್ಜಿ ಸಲ್ಲಿಸಬಹುದು’. ಅನಾಸಕ್ತಿ ಎಂದರೆ ಮೈಗಳ್ಳತನದ ನೆರೆಯವಳು. ಶಬ್ದಗಳ ಅರ್ಥ ಬದಲಾಗುವುದು ಅಸಹಜವಲ್ಲ; ಅದಕ್ಕಾಗಿ ಮರುಗಬೇಕಾದುದೂ ಇಲ್ಲ. ಮರುಗಬೇಕಾದುದು, ಈ ಬದಲಾವಣೆಯಿಂದ ಒಂದು ಮುಖ್ಯವಾದ ಭೇದ ಅಳಿಸಿಹೋಗುತ್ತಿರುವುದಕ್ಕೆ. ಕುತೂಹಲವಿಲ್ಲದಿರುವುದು ಬೇರೆ, ಸ್ವಾರ್ಥವಿಲ್ಲದಿರುವುದು ಬೇರೆ. ನ್ಯಾಯಾಧೀಶನು ತನ್ನ ಮುಂದಿರುವ ಮೊಕದ್ದಮೆಯನ್ನು ಪೂರ್ಣ ಗಮನದಿಂದ ಕೇಳಬೇಕು. ಆದರೆ ಅದರ ಫಲದಲ್ಲಿ ಅವನಿಗೆ ಪಾಲಿರಕೂಡದು. ‘ನ್ಯಾಯಾಧೀಶನು ಅನಾಸಕ್ತನಾಗಿರಬೇಕು’ ಎಂದರೆ ಹಳಗಾಲದ ಓದುಗನು ತಲೆದೂಗುತ್ತಿದ್ದನು. ಇಂದಿನ ಓದುಗನು ಅಂಥ ನ್ಯಾಯಾಧೀಶನನ್ನು ಕೆಲಸದಿಂದ ತೆಗೆಯಬೇಕೆಂದಾನು. ಇಂಗ್ಲಿಷಿನಲ್ಲಿಯೂ ಈ ಜೋಡಿ ಮಾತುಗಳು ಒಂದರೊಡನೊಂದು ಬೆರೆಯುತ್ತಿರುವುದನ್ನು ಅಲ್ಲಿಯ ಪಂಡಿತರು ಆಕ್ಷೇಪಿಸುತ್ತಲೇ ಇದ್ದಾರೆ. ಆದರೆ ಕನ್ನಡಕ್ಕೆ ಆ ಗೊಂದಲವನ್ನು ಆಮದು ಮಾಡಿಕೊಳ್ಳುವ ಅವಶ್ಯಕತೆ ಏನೂ ಇರಲಿಲ್ಲ. ‘ನಿರ್ಲಿಪ್ತ’, ‘ನಿಷ್ಪಕ್ಷಪಾತಿ’ ಎಂಬ ಸಂಸ್ಕೃತ ಶಬ್ದಗಳು ಸಿದ್ಧವಾಗಿವೆ. ಅಚ್ಚಗನ್ನಡದ ‘ಹಂಗಿಲ್ಲದವನು’ ಎಂಬ ಮಾತು ಇವೆರಡಕ್ಕಿಂತ ಬಿಗಿಯಾದುದು: ಯಾರ ಅನ್ನಕ್ಕೂ ಯಾರ ದಾಕ್ಷಿಣ್ಯಕ್ಕೂ ಕಟ್ಟುಬೀಳದವನೆಂಬುದನ್ನು ಅದು ಒಂದೇ ಉಸಿರಿನಲ್ಲಿ ಹೇಳುತ್ತದೆ.

ಸಾಹಿತ್ಯ ವಿಮರ್ಶೆಗೂ ಈ ಭೇದ ಅಷ್ಟೇ ಅಗತ್ಯ. ಸೌಂದರ್ಯದ ಆನಂದವು ಸ್ವಪ್ರಯೋಜನದ ಸೋಂಕಿಲ್ಲದ್ದೆಂದು ಕಾಂಟನು ೧೭೯೦ರಲ್ಲಿ ವಾದಿಸಿದನು. ವಿಮರ್ಶಕನ ಮೊದಲ ಗುಣ ಇದೇ ನಿರ್ಲಿಪ್ತತೆಯೆಂದು ಮ್ಯಾಥ್ಯೂ ಆರ್ನಲ್ಡನು ೧೮೬೫ರ ತನ್ನ ಪ್ರಬಂಧಸಂಕಲನದಲ್ಲಿ ಪ್ರತಿಪಾದಿಸಿದನು. ಭಾರತೀಯ ಆಲಂಕಾರಿಕರು ‘ಸಾಧಾರಣೀಕರಣ’ವೆಂಬ ತತ್ತ್ವದಿಂದ ಇದನ್ನು ಎಷ್ಟೋ ಶತಮಾನಗಳ ಹಿಂದೆಯೇ ವಿವರಿಸಿದ್ದರು. ತನ್ನದು, ಪರರದು ಎಂಬ ಕಟ್ಟು ಸಡಿಲವಾದಾಗಲೇ ರಸಾನುಭವ. ಆದರೆ ಆ ಅನುಭವಕ್ಕೆ ಸಹೃದಯನ ತನ್ಮಯತೆ ಬೇಕೇ ಬೇಕು. ತೀ. ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ ೧೯೫೩ರಲ್ಲಿ ಬಂದ ಮೇಲೆ ಈ ವಿಚಾರ ಕನ್ನಡ ಓದುಗರಿಗೆ ಹೊಸದಾಗಿ ಉಳಿದಿಲ್ಲ. ತನ್ಮಯತೆ ಉಂಟು, ಸ್ವಾರ್ಥವಿಲ್ಲ ಎಂಬ ಈ ಸ್ಥಿತಿಯನ್ನು ಹೇಳಲು ‘ಆಸಕ್ತಿ’ ‘ಅನಾಸಕ್ತಿ’ಗಳೆರಡೂ ಇಂದು ಅಸಮರ್ಥವಾಗಿವೆ. ‘ಸಹೃದಯತೆ’ ಎಂಬ ಮಾತು ಮಾತ್ರ ಆ ಭಾರವನ್ನು ಹೊರಬಲ್ಲದು.

೭

‘ಆಸಕ್ತಿ’ಯು ಒಂಟಿಯಾಗಿ ಬಂದು ಮಾಡಿರುವ ತೊಡಕಿಗಿಂತ ‘ಹಿತ’ದೊಡನೆ ಜೊತೆಗೂಡಿ ಮಾಡಿರುವ ತೊಡಕು ಹೆಚ್ಚು. ‘ಹಿತಾಸಕ್ತಿ’ ಎಂಬ ಸಮಾಸವು ಇಂಗ್ಲಿಷ್ ಶಬ್ದದ ಎರಡು ಅರ್ಥಗಳನ್ನು ಪಕ್ಕಪಕ್ಕದಲ್ಲಿಟ್ಟು ಹೊಲಿದದ್ದು. ಯಾವ ಅರ್ಥ ಬೇಕೆಂದು ನಿರ್ಧರಿಸಲಾರದ ಅನುವಾದಕನು ಎರಡನ್ನೂ ಸೇರಿಸಿಟ್ಟಂತಿದೆ. ನ್ಯಾಯಾಲಯಕ್ಕೆ ಸಾರ್ವಜನಿಕರ ಪರವಾಗಿ ಸಲ್ಲಿಸುವ ಅರ್ಜಿಯನ್ನು ಕನ್ನಡ ಪತ್ರಿಕೆಗಳು ‘ಸಾರ್ವಜನಿಕ ಹಿತಾಸಕ್ತಿ ಅರ್ಜಿ’ ಎನ್ನುತ್ತವೆ. ನೆರೆಹೊರೆಯ ಭಾಷೆಗಳನ್ನು ಇದರೊಡನೆ ಹೋಲಿಸಿ ನೋಡಬೇಕು. ತಮಿಳಿನಲ್ಲಿ ಅದು ‘ಪೊದುನಲ ವಳಕ್ಕು’. ‘ನಲಂ’ ಎಂದರೆ ಒಳಿತು. ಹಿಂದಿ, ಮರಾಠಿಗಳಲ್ಲಿ ‘ಜನಹಿತ ಯಾಚಿಕಾ’. ತೆಲುಗಿನಲ್ಲಿ ‘ಪ್ರಜಾ ಪ್ರಯೋಜನ ವ್ಯಾಜ್ಯಂ’. ಮಲಯಾಳವು ಮಾತ್ರ ‘ಪೊದುತಾಲ್ಪರ್ಯ ಹರ್ಜಿ’ ಎಂದು, ಕನ್ನಡದಲ್ಲಿ ಭಾವಾರ್ಥವೆಂಬ ಅರ್ಥವುಳ್ಳ ‘ತಾತ್ಪರ್ಯ’ವನ್ನು ಈ ಕೆಲಸಕ್ಕೆ ಹಚ್ಚಿದೆ. ಮೂರು ನಾಲ್ಕು ಭಾಷೆಗಳು ಒಂದು ಅರ್ಥವನ್ನು ಆರಿಸಿಕೊಂಡು ಧೈರ್ಯವಾಗಿ ನಿಂತಿರುವಾಗ ಕನ್ನಡವು ಎರಡು ದೋಣಿಗಳಲ್ಲಿ ಕಾಲಿಟ್ಟಿದೆ.

‘ಹಿತ’ವೊಂದೇ ಸಾಕೆಂಬುದಕ್ಕೆ ಕನ್ನಡದಲ್ಲಿಯೇ ಪ್ರಮಾಣವಿದೆ. ಸರ್ಕಾರದ ಆದೇಶಗಳು ‘ಸಾರ್ವಜನಿಕ ಹಿತದೃಷ್ಟಿಯಿಂದ’ ಎಂದು ಬರೆಯುತ್ತವೆ. ಅಲ್ಲಿ ಆಸಕ್ತಿಯಿಲ್ಲದುದರಿಂದ ಅರ್ಥಕ್ಕೆ ಯಾವ ಕೊರತೆಯೂ ಆಗಿಲ್ಲ. ‘ಪಟ್ಟಭದ್ರ ಹಿತಾಸಕ್ತಿ’ಯ ಕಥೆ ಇನ್ನೂ ಸ್ವಾರಸ್ಯದ್ದು. ಆಸ್ತಿ ವರ್ಗಾವಣೆ ಅಧಿನಿಯಮದ ೧೯ನೆಯ ಪ್ರಕರಣದಲ್ಲಿ ಇದರ ಮೂಲವಾದ ಇಂಗ್ಲಿಷ್ ಪದಪುಂಜವು ಯಾವ ನಿಂದೆಯನ್ನೂ ಸೂಚಿಸುವುದಿಲ್ಲ. ಈಗಲೇ ಸಂಕ್ರಮಿಸಿದ, ಇನ್ನು ತಪ್ಪದ ಹಕ್ಕು ಎಂದಷ್ಟೆ ಅದರ ಅರ್ಥ. ರಾಜಕೀಯ ಭಾಷೆಯಲ್ಲಿ ಅದು ಬೈಗುಳಾಯಿತು. ಕನ್ನಡದ ‘ಪಟ್ಟಭದ್ರ’ವು ಪಟ್ಟವೇರಿ ಅಲುಗದೆ ಕುಳಿತವನ ಚಿತ್ರವನ್ನು ಕಣ್ಣಿಗೆ ಕಟ್ಟಿಸುವುದರಿಂದ, ರಾಜಕೀಯ ಲೇಖನಕ್ಕೆ ಅದು ಮೂಲಕ್ಕಿಂತ ಮೇಲಾದ ಅನುವಾದ; ಅದೇ ಕಾರಣಕ್ಕೆ ಕಾನೂನಿನ ಅನುವಾದಕ್ಕೆ ಅಯೋಗ್ಯ. ಅಜ್ಜನ ಉಯಿಲಿನಿಂದ ಮೊಮ್ಮಗುವಿಗೆ ಬಂದ ಮನೆಯ ಹಕ್ಕನ್ನು ಪಟ್ಟಭದ್ರ ಹಿತಾಸಕ್ತಿಯೆಂದರೆ ಆ ಕೂಸಿಗೆ ಅನ್ಯಾಯವಾದೀತು.

೮

ಇಷ್ಟೆಲ್ಲ ಬಿಡಿಬಿಡಿಯಾಗಿ ಮಾತುಗಳನ್ನು ಹಂಚಿದರೆ, ಇಂಗ್ಲಿಷ್ ಶಬ್ದದಲ್ಲಿರುವ ಅರ್ಥಗಳ ಒಳಸಂಬಂಧ ಕನ್ನಡದಲ್ಲಿ ಕಾಣದೆ ಹೋಗುವುದಲ್ಲವೆ ಎಂಬ ಆಕ್ಷೇಪಣೆ ಬರಬಹುದು. ಇದು ತೂಕವುಳ್ಳ ಆಕ್ಷೇಪಣೆ. ಪಾಲಿದ್ದವನಿಗೆ ಕುತೂಹಲ ಹುಟ್ಟುವುದು ಲೋಕಾನುಭವ. ಆ ಅನುಭವವನ್ನು ಇಂಗ್ಲಿಷ್ ತನ್ನ ಶಬ್ದದಲ್ಲಿಯೇ ಶೇಖರಿಸಿಕೊಂಡಿದೆ. ಆದರೆ ಕನ್ನಡದಲ್ಲಿ ಇಂಥ ಶೇಖರಣೆ ಇಲ್ಲವೆಂದು ಭಾವಿಸುವುದು ಸರಿಯಲ್ಲ. ಅದನ್ನು ಹುಡುಕಬೇಕಾದುದು ಆಸಕ್ತಿಯಲ್ಲಿ ಅಲ್ಲ, ‘ಋಣ’ದಲ್ಲಿ.

ಋಣವೆಂದರೆ ಮೊದಲು ತೀರಿಸಬೇಕಾದ ಸಾಲ. ಅಲ್ಲಿಂದ ಅದು ಅನ್ನದ ಋಣವಾಗಿ, ಹೆತ್ತವರ ಋಣವಾಗಿ, ಗುರುವಿನ ಋಣವಾಗಿ, ಜನ್ಮಜನ್ಮಾಂತರಗಳ ಋಣಾನುಬಂಧವಾಗಿ ಹಬ್ಬಿತು. ವಲಸೆ ಹೊರಟವನು ‘ಈ ಊರಿನ ಋಣ ತೀರಿತು’ ಎನ್ನುತ್ತಾನೆ. ಹೊರನಾಡಿನಲ್ಲಿ ನೆಲೆನಿಂತವನು ‘ಈ ನೀರಿನ ಋಣವಿತ್ತು’ ಎನ್ನುತ್ತಾನೆ. ಇಂಗ್ಲಿಷಿನಲ್ಲಿ ಕೊಟ್ಟವನ ಹಕ್ಕನ್ನು ಹೇಳುವ ಮಾತು ಮನಸ್ಸಿನ ಸೆಳೆತಕ್ಕೆ ಹೆಸರಾಯಿತು. ಕನ್ನಡದಲ್ಲಿ ಪಡೆದವನ ಹೊಣೆಯನ್ನು ಹೇಳುವ ಮಾತು ಮನುಷ್ಯಸಂಬಂಧಕ್ಕೆ ಹೆಸರಾಯಿತು. ಎರಡೂ ಲೇವಾದೇವಿಯ ಲೆಕ್ಕದ ಪುಸ್ತಕದಿಂದಲೇ ಹೊರಟವು. ಒಂದು ಜಮೆಯ ಬದಿಯಿಂದ, ಇನ್ನೊಂದು ಖರ್ಚಿನ ಬದಿಯಿಂದ. ಮಗನಿಗಿಂತ ಮೊಮ್ಮಗನ ಮೇಲೆ ಮಮತೆ ಹೆಚ್ಚೆಂಬುದನ್ನು ಕನ್ನಡಿಗರು ‘ಅಸಲಿಗಿಂತ ಬಡ್ಡಿಯ ಮೇಲೆ ಪ್ರೀತಿ’ ಎನ್ನುವಾಗಲೂ ಇದೇ ಲೆಕ್ಕ ಒಲವಿಗೆ ತಿರುಗುತ್ತದೆ. ಕನ್ನಡದ ಶಬ್ದಗಳೆಲ್ಲ ಸಂದೇಹಕ್ಕೆ ಎಡೆಯಿಲ್ಲದವೆಂದು ಇದರಿಂದ ತಿಳಿಯಬಾರದು. ‘ಸಾಲಗಾರ’ ಎಂಬ ಮಾತು ಕೆಲವೆಡೆ ಸಾಲ ಪಡೆದವನಿಗೂ ಕೆಲವೆಡೆ ಕೊಟ್ಟವನಿಗೂ ಸಲ್ಲುತ್ತದೆ. ‘ಸಾಲಗಾರರು ಬಾಗಿಲಿಗೆ ಬಂದರು’ ಎಂದರೆ ಬಂದವರು ಕೊಟ್ಟವರೇ. ತನ್ನ ಮನೆಯ ಇಂಥ ಸಂದೇಹಗಳನ್ನು ಪರಿಹರಿಸಿಕೊಳ್ಳಬೇಕಾದ ಭಾಷೆ ಹೊರಗಿನ ಸಂದೇಹಗಳನ್ನೂ ಹೊರೆ ಹೊತ್ತುಕೊಳ್ಳುವುದು ವಿವೇಕವಲ್ಲ.

೯

ಈ ವಿವೇಚನೆಯಿಂದ ಯಾರಿಗೆ ಏನು ಪ್ರಯೋಜನವೆಂಬುದನ್ನು ಕಡೆಯಲ್ಲಿ ನೋಡಬೇಕು. ಅತಿಬಡ್ಡಿಯನ್ನು ತಡೆಯಲು ತಮಿಳುನಾಡು ೨೦೦೩ರಲ್ಲಿ ಒಂದು ಶಾಸನವನ್ನು ಮಾಡಿತು. ಕರ್ನಾಟಕ ೨೦೦೪ರಲ್ಲಿ ಅದೇ ಉದ್ದೇಶದ ಶಾಸನವನ್ನು ಮಾಡಿತು. ತಮಿಳುನಾಡಿನ ಶಾಸನದ ಇಂಗ್ಲಿಷ್ ಪಾಠದಲ್ಲಿ ‘ಕಂದುವಟ್ಟಿ’, ‘ಮೀಟರ್ ವಟ್ಟಿ’, ‘ತಂಡಲ್’ ಎಂಬ ಬೀದಿಯ ಮಾತುಗಳನ್ನೇ ಉಳಿಸಿಕೊಂಡು ಅವುಗಳಿಗೆ ಲಕ್ಷಣ ಹೇಳಿದೆ. ಬಡವನ ಕೊರಳಿಗೆ ಬಿಗಿದ ಕುಣಿಕೆಗಳ ಭೇದವನ್ನು ‘ಇಂಟರೆಸ್ಟ್’ ಎಂಬ ಒಂದೇ ಮಾತಿನಿಂದ ಹೇಳಲಾಗದೆಂದು ಇಂಗ್ಲಿಷ್ ಶಾಸನವೇ ಒಪ್ಪಿಕೊಂಡಂತಾಯಿತು. ಇದು ದೇಶಭಾಷೆಗೆ ಸಂದ ಸಣ್ಣ ಗೌರವವಲ್ಲ.

ಭಾರತೀಯ ರಿಸರ್ವ್ ಬ್ಯಾಂಕು ೨೦೨೪ರ ಏಪ್ರಿಲಿನಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ, ಅದೇ ವರ್ಷದ ಅಕ್ಟೋಬರ್ ೧ರಿಂದ ವ್ಯಕ್ತಿಗಳಿಗೂ ಸಣ್ಣ ಉದ್ಯಮಗಳಿಗೂ ಕೊಡುವ ಹೊಸ ಸಾಲಗಳಿಗೆ ಮುಖ್ಯಾಂಶಗಳ ಪತ್ರವೊಂದನ್ನು ಕೊಡಬೇಕು. ಬಡ್ಡಿಯೂ ಇತರ ವೆಚ್ಚಗಳೂ ಸೇರಿದ ವಾರ್ಷಿಕ ದರವನ್ನು ಅದರಲ್ಲಿ ಕಾಣಿಸಬೇಕು. ಸಾಲ ಪಡೆಯುವವನಿಗೆ ಅರ್ಥವಾಗುವ ಭಾಷೆಯಲ್ಲಿ ಅದು ಇರಬೇಕು. ಚೆನ್ನೈಯಲ್ಲಿ ದುಡಿಯುವ ಕನ್ನಡಿಗನೂ ಈ ನಿಯಮದ ಆಸರೆಯನ್ನು ಕೇಳಬಹುದು. ಆದರೆ ಆ ಪತ್ರವನ್ನು ಕನ್ನಡಕ್ಕೆ ತರುವವರು ಯಾರು? ಯಂತ್ರಾನುವಾದವು ಸಂದರ್ಭವನ್ನು ತಪ್ಪಿದರೆ ಬಡ್ಡಿದರವು ‘ಆಸಕ್ತಿದರ’ವಾದೀತು, ಅಡವಿಟ್ಟ ಮನೆಯ ಮೇಲಿನ ಹಕ್ಕು ‘ಹಿತಾಸಕ್ತಿ’ಯಾದೀತು. ಓದಿದವನಿಗೆ ಅಕ್ಷರಗಳೆಲ್ಲ ತಿಳಿಯುವುವು, ತಾನು ಕಳೆದುಕೊಳ್ಳುತ್ತಿರುವುದೇನೆಂದು ಮಾತ್ರ ತಿಳಿಯದು.

ಆದಕಾರಣ ಇನ್ನು ಮುಂದೆ ಸಿದ್ಧವಾಗುವ ಕೋಶಗಳು ಈ ಶಬ್ದದ ಕೆಳಗೆ ಪರ್ಯಾಯಗಳ ಪಟ್ಟಿಯನ್ನು ಕೊಡದೆ, ಅರ್ಥಗಳನ್ನು ಅಂಕಿಯಿಟ್ಟು ಬೇರ್ಪಡಿಸಿ, ಒಂದೊಂದಕ್ಕೂ ಎದುರುಮಾತನ್ನೂ ಒಂದು ಪ್ರಯೋಗವಾಕ್ಯವನ್ನೂ ಕೊಡುವುದು ಉಚಿತ. ಹಣಕ್ಕೆ ಬಡ್ಡಿ, ಆಸ್ತಿಗೆ ಹಕ್ಕು ಅಥವಾ ಪಾಲು, ಸಮುದಾಯಕ್ಕೆ ಹಿತ, ಮನಸ್ಸಿಗೆ ಕುತೂಹಲ, ಅಭಿರುಚಿ, ಆಸ್ಥೆ, ಕಥೆಗೆ ಸ್ವಾರಸ್ಯ, ನ್ಯಾಯಾಧೀಶನಿಗೂ ವಿಮರ್ಶಕನಿಗೂ ಹಂಗಿಲ್ಲದಿರುವಿಕೆ. ಆಸಕ್ತಿಯನ್ನು ಬಹಿಷ್ಕರಿಸಬೇಕಾಗಿಲ್ಲ, ವಿದ್ಯಾರ್ಥಿಗೂ ಓದುಗನಿಗೂ ಅದು ಸಲ್ಲಲಿ. ಕಾನೂನಿನ ಕಾಗದದಿಂದಲೂ ಸಾಲದ ಪತ್ರದಿಂದಲೂ ಅದು ದೂರ ಉಳಿದರೆ ಸಾಕು. ಹಲವು ಭಾಷೆಗಳ ನಡುವೆ ಬದುಕುವ ಹೊರನಾಡ ಕನ್ನಡಿಗರಿಗೆ ಈ ಕೆಲಸ ಒಳನಾಡಿನವರಿಗಿಂತ ಹೆಚ್ಚು ಸುಲಭ. ವಟ್ಟಿ, ವಡ್ಡಿ, ವ್ಯಾಜಗಳು ದಿನವೂ ಅವರ ಕಿವಿಯ ಮೇಲೆ ಬೀಳುತ್ತಲೇ ಇರುತ್ತವೆ. ಬಡ್ಡಿಯನ್ನು ಬಡ್ಡಿಯೆಂದೇ ಕರೆಯುವ ಭಾಷೆಯಲ್ಲಿ ಸಾಲ ಮಾಡಿದವನಿಗೆ ತಾನು ತೀರಿಸಬೇಕಾದುದೆಷ್ಟೆಂಬುದಾದರೂ ಗೊತ್ತಿರುತ್ತದೆ.